ಮನೆಗೆ ಮೊದಲ ಇಂಜಿನಿಯರು

ಗೋಕಾಕ ಕಡೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ವಿಭಾಗದ ಮೇಷ್ಟ್ರು ನಾನು. ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತಿಲ್ಲದ ಮಕ್ಕಳು ಓದು ಬಿಡದಂತೆ ನೋಡಿಕೊಳ್ಳುವ ಕೆಲಸವನ್ನೂ ನನಗೇ ಹಚ್ಚಿದ್ದಾರೆ. ಬುದ್ಧಿ ಹೇಳಲು ಹೋಗುವವನು ನಾನು, ಹೇಳಿಸಿಕೊಂಡು ಬರುವವನೂ ನಾನೇ.

ಸಿವಿಲ್ ಅಂದ್ರ

ಮೇಲವಂಕಿಯ ರೈತರೊಬ್ಬರ ಮಗಳಿಗೆ ಸಿವಿಲ್ ಸೀಟು ಸಿಕ್ಕಿತ್ತು. ಅಪ್ಪ ಮಾತ್ರ ಬೇಡವೇ ಬೇಡ ಅಂತ ಕೂತಿದ್ದರು. ಮನೆಗೇ ಹೋಗಿ ಕಾರಣ ಕೇಳಿದೆ.

"ನಮ್ಮ ಅಣ್ಣತಮ್ಮರದೊಂದು ಸಿವಿಲ್ ಹನ್ನೊಂದು ವರ್ಷ ಆತ್ರಿ, ಇನ್ನೂ ಕೋರ್ಟಿನ್ಯಾಗ ಐತಿ. ಈಕಿದು ನಾಕ ವರ್ಷದಾಗ ಹೆಂಗ ಮುಗೀತೈತಿ?"

ಇದು ರಸ್ತೆ, ಸೇತುವೆ ಕಟ್ಟುವ ಸಿವಿಲ್ ಅಂತ ಅರ್ಧ ತಾಸು ಬಿಡಿಸಿ ಹೇಳಿದೆ. ಅವರು ಯೋಚಿಸಿ ಒಂದೇ ಪ್ರಶ್ನೆ ಕೇಳಿದರು. "ಇದರಾಗ ವಕೀಲರು ಇರಂಗಿಲ್ಲ, ಹೌದಲ್ರಿ?"

ಇರುವುದಿಲ್ಲ ಅಂದೆ. ಮರುದಿನವೇ ಹುಡುಗಿಯನ್ನು ಸೇರಿಸಿದರು.

ಬಾಯಿ ಬಿಟ್ಟ ದಿನ

ಕಲ್ಲೋಳಿ ಕಡೆಯ ಕುರಿಗಾರರ ಮಗನೊಬ್ಬ ಇಡೀ ಸೆಮಿಸ್ಟರ್ ತುಟಿ ಬಿಚ್ಚಿರಲಿಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲಿ. ತಪ್ಪಿದರೆ ನಕ್ಕಾರು ಅಂತ ಅವನ ಹೆದರಿಕೆ.

ಒಂದು ದಿನ ಮೈದಾನದಲ್ಲಿ ಇಳಿಜಾರು ಅಳೆಯುವ ಪಾಠ. ಉಪಕರಣ ಹೂಡಿ, ಲೆಕ್ಕ ಮಾಡಿ, ನೀರು ಕಂಪೌಂಡಿನ ಕಡೆ ಹರಿಯುತ್ತದೆ ಅಂತ ಇಂಗ್ಲಿಷಿನಲ್ಲೇ ಸಾರಿದೆ. ಹಿಂದಿನಿಂದ ಸಣ್ಣ ದನಿಯೊಂದು ಬಂತು. "ಗೇಟಿನ ಕಡಿ ಹೋಗ್ತೈತ್ರಿ ಸರ. ಹಸರು ಹುಲ್ಲು ಅಲ್ಲೇ ಐತಿ."

ಒಂದು ಬಕೆಟ್ ನೀರು ತರಿಸಿ ಸುರಿಸಿದೆ. ನೀರು ನೆಟ್ಟಗೆ ಗೇಟಿಗೆ ಹೋಯಿತು. ಅಂಕಿಗಳನ್ನು ನಾನೇ ತಿರುವುಮುರುವು ಬರೆದಿದ್ದೆ. ನನ್ನ ಮುಖ ನೋಡಿ ಅವನಿಗೇ ಪಾಪ ಅನ್ನಿಸಿತು.

"ಇರ್ಲಿ ಬಿಡ್ರಿ ಸರ, ನೀರಿಗೂ ಇಂಗ್ಲಿಷ್ ಬರಂಗಿಲ್ಲ."

ಅಂದಿನಿಂದ ಅವನ ಬಾಯಿ ಮುಚ್ಚಿಸುವುದೇ ನನ್ನ ಕೆಲಸವಾಗಿದೆ.

ದಾದಿಯ ತೀರ್ಪು

ಹುಕ್ಕೇರಿಯ ಹುಡುಗಿಯೊಬ್ಬಳು ಗಣಿತದಲ್ಲಿ ಫೇಲಾಗಿ ಕಾಲೇಜಿಗೆ ಬರುವುದನ್ನೇ ಬಿಟ್ಟಳು. ಅಪ್ಪ ಮೋಟಾರ್ ರಿಪೇರಿ ಮಾಡುವವರು. ಆದರೆ ಮನೆಯಲ್ಲಿ ನಡೆಯುವುದು ಅವಳ ಅಜ್ಜಿಯ ಮಾತು. ಎಲ್ಲರೂ ಅವರನ್ನು ಉರ್ದುವಿನಲ್ಲಿ ದಾದಿ ಅನ್ನುತ್ತಿದ್ದರು, ನಾನೂ ದಾದಿ ಅಂತಲೇ ಶುರು ಮಾಡಿದೆ. ಒಂದು ಸಲ ಫೇಲಾದರೆ ಏನೂ ಆಗುವುದಿಲ್ಲ ಅಂದೆ. ದಾದಿ ಎಲೆಯಡಿಕೆ ಮೆಲ್ಲುತ್ತಲೇ ಕೇಳಿಸಿಕೊಂಡರು. ಹುಡುಗಿ ಬಾಗಿಲ ಹಿಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿ, ಹೆಂಡತಿಗೂ ಹೇಳದಿದ್ದ ಸತ್ಯವನ್ನು ಬಾಯಿ ಬಿಟ್ಟೆ. ನಾನೂ ಗಣಿತದಲ್ಲಿ ಎರಡು ಸಲ ಫೇಲಾದವನು.

ದಾದಿ ಮೆಲ್ಲುವುದನ್ನು ನಿಲ್ಲಿಸಿದರು. "ಖರೇನ?"

ಖರೆ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಮೊಮ್ಮಗಳನ್ನು ಕರೆದರು. "ನಾಳಿಂದ ಹೋಗವಾ. ನಿಂದು ಒಂದ ಸಲ, ಇವರದು ಎರಡ ಸಲ ಆಗೇತಿ. ಸ್ವಲ್ಪ ಹೇಳಿ ಕೊಡು, ಪಾಪ."

ಮರುದಿನ ಹುಡುಗಿ ಮೊದಲ ಬೆಂಚಿನಲ್ಲಿದ್ದಳು. ಪಾಠ ಮುಗಿದ ಮೇಲೆ ಪುಸ್ತಕ ಎದೆಗವಚಿಕೊಂಡು ಮೇಜಿನ ಹತ್ತಿರ ಬಂದಳು.

"ಸರ, ನಿಮಗ ಯಾವ ಪಾಠ ತಿಳಿಯಂಗಿಲ್ರಿ? ಸಂಜಿಮುಂದ ದಾದಿ ಕೇಳ್ತಾರ."