ಕರೆಂಟ್ ಹೋದಾಗ ಕಾಳಗ

ಕರೆಂಟ್ ಹೋದರೆ ಸಂತೋಷಪಡುವ ಮಗ್ಗದ ಮಾಲೀಕ ಇಡೀ ದೊಡ್ಡಬಳ್ಳಾಪುರದಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಹೊರಗೆ ಹೇಳಿಕೊಳ್ಳುವ ಹಾಗಿಲ್ಲ, ನಿಮ್ಮ ಕಿವಿಗಷ್ಟೇ ಹಾಕುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಮನೆಗೆ ನಾಲ್ಕಾರು ವಿದ್ಯುತ್ ಮಗ್ಗಗಳಿವೆ. ಕರೆಂಟ್ ಹೋದ ಕ್ಷಣ ಅಷ್ಟರ ಸದ್ದೂ ಒಟ್ಟಿಗೇ ನಿಂತು, ಅದರ ಜಾಗದಲ್ಲಿ ಬೈಗುಳದ ಸದ್ದು ಶುರುವಾಗುತ್ತದೆ. ನಾನೂ ಮುಖ ಗಂಟು ಹಾಕಿಕೊಂಡು ಹೊರಗೆ ಬಂದು, ಕಂಬದ ಕಡೆ ಕತ್ತೆತ್ತಿ, "ಲೈನ್‌ಮನ್‌ಗೊಂದು ಫೋನ್ ಮಾಡಿ ನೋಡ್ತೀನಿ" ಎನ್ನುತ್ತೇನೆ. ಒಳಗೆ ಬಂದು ಒಂದು ಲೋಟ ನೀರು ಕುಡಿಯುತ್ತೇನೆ. ಆಮೇಲೆ ಗೋಡೆಗೆ ಹೇಳುವವನ ಹಾಗೆ, "ಹೇಗೂ ಕರೆಂಟಿಲ್ಲ, ಡಿಸೈನ್ ಒಂಚೂರು ನೋಡ್ಬೇಕು" ಎಂದು ಕಂಪ್ಯೂಟರ್ ಕೋಣೆಗೆ ನುಗ್ಗುತ್ತೇನೆ. ಕಂಪ್ಯೂಟರಿಗೆ ಯುಪಿಎಸ್ ಇದೆ. ಅದು ಇಪ್ಪತ್ತು ನಿಮಿಷ ತಡೆಯುತ್ತದೆ. ಆ ಇಪ್ಪತ್ತು ನಿಮಿಷ ನಾನು ಯುದ್ಧವಿಮಾನದ ಪೈಲಟ್.

ಕಂಪ್ಯೂಟರ್ ತಂದದ್ದು ಸೀರೆಯ ಅಂಚಿಗೆ ಡಿಸೈನ್ ಮಾಡಲು. ಅದರೊಳಗೆ ಜೆಟ್ ವಿಮಾನ ಹೊಕ್ಕಿದ್ದು ಯಲಹಂಕದ ದೆಸೆಯಿಂದ. ಅಲ್ಲಿ ವಿಮಾನ ಪ್ರದರ್ಶನ ನಡೆಯುವಾಗ ಒಂದೆರಡು ಜೆಟ್‌ಗಳು ತಿರುವು ತೆಗೆದುಕೊಳ್ಳುತ್ತ ನಮ್ಮ ತಾರಸಿಯ ಮೇಲೂ ಹಾದುಹೋಗುತ್ತವೆ. ಒಂದು ಸಲ ಅವನ್ನು ನೋಡುತ್ತ ನಿಂತವನಿಗೆ ಮೂರು ದಿನ ಕತ್ತು ಹಿಡಿದುಕೊಂಡಿತ್ತು. ಕತ್ತು ಬಿಟ್ಟಿತು, ಹುಚ್ಚು ಬಿಡಲಿಲ್ಲ. ಐವತ್ತೆರಡನೆಯ ವಯಸ್ಸಿಗೆ ನನ್ನನ್ನು ವಿಮಾನದ ಹತ್ತಿರ ಯಾರು ಬಿಟ್ಟುಕೊಂಡಾರು? ಬಿಟ್ಟುಕೊಂಡರೂ ಹತ್ತುವ ಧೈರ್ಯ ನನಗಿಲ್ಲ. ನಮ್ಮನೆ ಅಟ್ಟಕ್ಕೆ ಏಣಿ ಹಾಕಿದರೆ ಮೂರನೆಯ ಮೆಟ್ಟಿಲಿಗೇ ನನಗೆ ತಲೆ ಸುತ್ತುತ್ತದೆ. ಹಾಗಾಗಿ ನೆಲದ ಮೇಲೆ ಕುರ್ಚಿ ಹಾಕಿಕೊಂಡು ಹಾರುವುದೇ ಕ್ಷೇಮವೆಂದು ಆಟವನ್ನೂ ಒಂದು ಜಾಯ್‌ಸ್ಟಿಕ್ಕನ್ನೂ ತಂದೆ. ನನ್ನ ಹೆಂಡತಿ ಪಂಕಜ ಅದನ್ನು "ಕೋಲು" ಎನ್ನುತ್ತಾಳೆ.

ಎದುರಾಳಿ ಮನುಷ್ಯನಲ್ಲ, ಕಂಪ್ಯೂಟರೇ. ಸುಲಭದ ಹಂತದಲ್ಲಿ ಅವನನ್ನು ನೊಣ ಹೊಡೆದ ಹಾಗೆ ಹೊಡೆದಿದ್ದೆ. ಕಷ್ಟದ ಹಂತದಲ್ಲಿ ಅವನು ಬೇರೆಯೇ ಆಸಾಮಿ. ಈ ಕಾಳಗದ ಗುಟ್ಟು ಇಷ್ಟೇ: ಅವನ ಬೆನ್ನ ಹಿಂದೆ ನಾವು ಸೇರಬೇಕು, ನಮ್ಮ ಬೆನ್ನನ್ನು ಅವನಿಗೆ ಕೊಡಬಾರದು. ಇಬ್ಬರೂ ಅದನ್ನೇ ಮಾಡಹೊರಟರೆ ಆಕಾಶದಲ್ಲಿ ಗಾಣದ ಎತ್ತಿನಂತೆ ಸುತ್ತಬೇಕಾಗುತ್ತದೆ. ನಾನು ಕೋಲನ್ನು ಹೊಟ್ಟೆಗೆ ಎಳೆದುಕೊಳ್ಳುತ್ತೇನೆ. ವಿಮಾನ ಗಿರ್ರನೆ ತಿರುಗುತ್ತದೆ, ತಿರುಗಿದಷ್ಟೂ ಅದರ ವೇಗ ಸೋರಿಹೋಗುತ್ತದೆ, ಪೈಲಟ್‌ಗೆ ಕಣ್ಣು ಕತ್ತಲಿಟ್ಟು ಪರದೆ ಕಪ್ಪಾಗುತ್ತದೆ. ಬೆಳಕಾಗುವಷ್ಟರಲ್ಲಿ ಅವನು ನನ್ನ ಬೆನ್ನಿಗಿರುತ್ತಾನೆ. ಅವನಿಗೆ ಕಣ್ಣು ಕತ್ತಲಿಡುವುದಿಲ್ಲ, ಅಂಗೈ ಬೆವರುವುದಿಲ್ಲ, "ಕಾಫಿ ಆರ್ತಾ ಇದೆ" ಎಂದು ಅವನನ್ನು ಯಾರೂ ಕರೆಯುವುದೂ ಇಲ್ಲ.

ಆರು ತಿಂಗಳು ಹೀಗೆ ಬಿದ್ದೆ. ಪಂಕಜಳಿಗೆ ಸೀರೆ ಮಡಿಸಲು ಆ ಕಂಪ್ಯೂಟರ್ ಮೇಜಿನ ಮೇಲೆ ಕಣ್ಣಿತ್ತು. ಅವಳ ತಾಯಿ ಇಲ್ಲೇ ಹತ್ತಿರದ ವಿಜಯಪುರದಿಂದ ಹದಿನೈದು ದಿನಕ್ಕೆಂದು ಬಂದಾಗ, ಅವರ ಎದುರೇ ತೀರ್ಪು ಕೊಟ್ಟಳು: "ನೋಡ್ರೀ, ಅಮ್ಮ ಊರಿಗೆ ಹೋಗೋದ್ರೊಳಗೆ ಆ ಕಷ್ಟದೋನನ್ನ ಒಂದೇ ಒಂದ್ಸಲ ಹೊಡ್ದು ತೋರ್ಸಿ. ಆಗ್ಲಿಲ್ವಾ, ಕೋಲು ಅಟ್ಟಕ್ಕೆ, ಮೇಜು ನಂಗೆ." ಅಟ್ಟ ಸೇರಿದ್ದು ನನ್ನ ಪಾಲಿಗೆ ಸ್ವರ್ಗ ಸೇರಿದ ಹಾಗೆಯೇ, ಹತ್ತಿ ಇಳಿಸಿಕೊಳ್ಳುವ ಮಾತಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಂದು ನನಗೆ ನಿಜವಾಗಿಯೂ ದುಃಖವಾಯಿತು. ಇಡೀ ದಿನ ಮಗ್ಗ, ನೂಲು, ಗಿರಾಕಿ ಎಂದು ಹೆಣಗುವವನಿಗೆ ಇದ್ದ ಇಪ್ಪತ್ತು ನಿಮಿಷದ ಆಕಾಶ ಅದೊಂದೇ.

ನಮ್ಮ ಅತ್ತೆಯವರದು ಮಾತು ಕಡಿಮೆ. ಮೂವತ್ತು ವರ್ಷ ಜಕಾರ್ಡ್ ಮಗ್ಗಕ್ಕೆ ಕಾರ್ಡ್ ಹೊಡೆದವರು, ಅಂದರೆ ರಟ್ಟಿನ ಪಟ್ಟಿಗಳಲ್ಲಿ ಒಂದೊಂದಾಗಿ ತೂತು ಕೊರೆದವರು. ಆ ತೂತುಗಳು ಹೇಳಿದ ಹಾಗೆ ಮಗ್ಗ ನೇಯುತ್ತದೆ; ಎಣಿಕೆ ತಪ್ಪಿದರೆ ಅಂಚಿನ ನವಿಲಿಗೆ ಮೂರು ಕಾಲು. ಹಾಗಾಗಿ ಏನನ್ನೇ ನೋಡಲಿ, ಅದು ಎಲ್ಲಿ ಶುರುವಾಗಿ ಎಲ್ಲಿ ಮತ್ತೆ ಮೊದಲಿಗೆ ಬರುತ್ತದೆಂದು ಎಣಿಸುವುದು ಅವರ ಚಾಳಿ. ಕಿಟಕಿಯ ಕಂಬಿಯ ಬಳ್ಳಿ, ಬಸ್ ಸೀಟಿನ ಬಟ್ಟೆ, ಕೊನೆಗೆ ಮದುವೆ ಮನೆಯ ಜಮಖಾನವನ್ನೂ ಬಿಟ್ಟವರಲ್ಲ. ಕರೆಂಟ್ ಹೋದಾಗ ಕಂಪ್ಯೂಟರ್ ಕೋಣೆ ತಂಪೆಂದು ಅಲ್ಲೇ ಬಾಗಿಲ ಪಕ್ಕ ಕೂರುತ್ತಿದ್ದರು. ಅತ್ತೆಯ ಎದುರು ಬಾಯಿ ಬಿಗಿಹಿಡಿದು ಸಾಯುವುದು ಬಹಳ ಕಷ್ಟ. ಬೇರೆ ದಿನ ಏನೇನೋ ಕೂಗುತ್ತಿದ್ದ ನಾನು "ಅಯ್ಯೋ ರಾಮಾ" ಎಂದಷ್ಟೇ ಹೇಳಿ ನೆಲಕ್ಕಪ್ಪಳಿಸುತ್ತಿದ್ದೆ.

ಅವರು ಹೊರಡುವ ಹಿಂದಿನ ದಿನ ಮಧ್ಯಾಹ್ನ. ಕರೆಂಟ್ ಹೋಯಿತು. ಕುಳಿತವನೇ ಎರಡು ಸಲ ಬಿದ್ದೆ. ಯುಪಿಎಸ್ಸಿನಲ್ಲಿ ಆರೇಳು ನಿಮಿಷ ಉಳಿದಿತ್ತು. ಹಿಂದಿನಿಂದ ಅತ್ತೆಯವರು ಕೆಮ್ಮಿದರು.

"ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ, ಒಂದು ಮಾತು. ಆ ಇನ್ನೊಂದು ವಿಮಾನ ಕಾರ್ಡ್ ಹಾಕ್ದಂಗೆ ಓಡ್ತದೆ. ಎಡಕ್ಕೆ ಎರಡು ಸುತ್ತು, ಬಲಕ್ಕೊಂದು, ಆಮೇಲೆ ಕೆಳಕ್ಕೆ ಮುಳುಗ್ತದೆ. ಮತ್ತೆ ಎಡಕ್ಕೆ ಎರಡು. ಬಂದಾಗಿಂದ ಎಣಿಸ್ತಾ ಇದೀನಿ. ನೀವ್ಯಾಕೆ ಅದ್ರ ಹಿಂದೇನೇ ಸುತ್ತುತೀರಾ? ಮೇಲಕ್ಕೋಗಿ ಸುಮ್ನಿರಿ. ಅದೇ ಬರ್ತದೆ."

ಎದುರಾಳಿಯ ಜೊತೆ ಸುತ್ತಬೇಡ, ವೇಗವನ್ನು ಎತ್ತರವಾಗಿ ಮಾಡಿಕೊಂಡು ಮೇಲಿಂದ ಎರಗು, ಅವನಿರುವ ಕಡೆಗಲ್ಲ ಬರುವ ಕಡೆಗೆ ಗುಂಡು ಹಾರಿಸು ಎಂದು ನಾನೂ ಇಂಟರ್ನೆಟ್ಟಿನಲ್ಲಿ ಓದಿ ಬಾಯಿಪಾಠ ಮಾಡಿದ್ದೆ. ಕೈಗೆ ಹೇಳುವುದೊಂದು ಮರೆತಿತ್ತು. ಮತ್ತೆ ಹಾರಿದೆ. ಅತ್ತೆಯವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಎಣಿಸತೊಡಗಿದರು. "ಎಡಕ್ಕೆ ಒಂದು... ಎರಡು... ಈಗ ಬಲಕ್ಕೆ." ನಾನು ಕೋಲನ್ನು ಹೊಟ್ಟೆಯಿಂದ ಬಿಡಿಸಿ, ಮೆತ್ತಗೆ ಮೇಲೇರಿದೆ. ಅವನು ಕೆಳಗೆ ಒಬ್ಬನೇ ಸುತ್ತುತ್ತಿದ್ದ. ಯುಪಿಎಸ್ ಪೀಂ ಪೀಂ ಎನ್ನತೊಡಗಿತು. "ಕೆಳಕ್ಕೆ, ಅಳಿಯಂದ್ರೇ, ಈಗ!" ಕಣ್ಣೆದುರು ಏನೂ ಇಲ್ಲದ ಖಾಲಿ ಆಕಾಶಕ್ಕೆ ಗುಂಡು ಹಾರಿಸಿದೆ. ಅವನು ತಾನಾಗಿ ಬಂದು ಅದರೊಳಕ್ಕೆ ಹೊಕ್ಕ. ಹೊಗೆ! ಬೆಂಕಿ! "ಅತ್ತೇ!" ಎಂದು ಕೂಗಿ ಎದ್ದವನು ಏನು ಮಾಡಬೇಕೋ ತೋಚದೆ ಅವರ ಕಾಲಿಗೆ ಬಿದ್ದೆ. ಅಷ್ಟರಲ್ಲಿ ಯುಪಿಎಸ್ ಪ್ರಾಣ ಬಿಟ್ಟು ಪರದೆ ಕಪ್ಪಾಯಿತು.

ಕೂಗು ಕೇಳಿ ಬಂದ ಪಂಕಜಳಿಗೆ ಕಂಡದ್ದು ಕಪ್ಪು ಪರದೆ ಮತ್ತು ಅಮ್ಮನ ಕಾಲಡಿ ಗಂಡ.

"ಗೆದ್ದೆ!" ಎಂದೆ.

"ಎಲ್ಲಿ?" ಎಂದಳು.

ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಇದ್ದ ಒಬ್ಬರೇ ಸಾಕ್ಷಿ ಅವಳ ಹೆತ್ತಮ್ಮ. ಅತ್ತೆಯವರು ಸೆರಗು ಸರಿಮಾಡಿಕೊಂಡು, "ಗೆದ್ರು ಕಣೆ, ನಾನೇ ಕಣ್ಣಾರೆ ನೋಡ್ದೆ" ಎಂದರು. ಅಂಥ ಅತ್ತೆ ಯಾರಿಗೂ ಸಿಗಲಾರರು ಎಂದುಕೊಂಡೆ. ಮರುದಿನ ಬಸ್ಸಿನ ಕಿಟಕಿಯಿಂದ ಅವರು ಮಗಳಿಗೆ, "ಪಾಪ, ಇವ್ರೂ ಕಾರ್ಡ್ ಹಾಕ್ದಂಗೇ ಕಣೆ. ಕಂಬ, ನೀರು, ಡಿಸೈನು. ಮೂರೇ ಕಾರ್ಡು" ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವನೂ ನಾನೇ.

ಎರಡು ದಿನ ಬಿಟ್ಟು ಕರೆಂಟ್ ಹೋಯಿತು. ಕಂಬ ನೋಡಿದೆ. ನೀರು ಕುಡಿದೆ. "ಡಿಸೈನ್ ಒಂಚೂರು" ಎನ್ನುತ್ತ ಕೋಣೆಗೆ ಕಾಲಿಟ್ಟರೆ, ನನ್ನ ಕುರ್ಚಿಯಲ್ಲಿ ಪಂಕಜ! ಪಕ್ಕದಲ್ಲಿ ಮಡಿಸದ ಸೀರೆಗಳ ರಾಶಿ. "ಬನ್ನಿ, ಈ ಕಡೆ ತುದಿ ಹಿಡ್ಕೊಳ್ಳಿ" ಎಂದಳು. ಕೊಟ್ಟ ಮಾತಿಗೆ ಅವಳು ತಪ್ಪಿರಲಿಲ್ಲ. ಕೋಲು ಅಟ್ಟಕ್ಕೆ ಹೋಗಿರಲಿಲ್ಲ. ಮಡಿಸಿದ ಸೀರೆಗಳು ಜಾರದ ಹಾಗೆ ಅವುಗಳಿಗೆ ಒತ್ತಾಗಿ ಮೇಜಿನ ಮೇಲೇ ಇತ್ತು.

ನಾನೇನು ಕಂಪ್ಯೂಟರೇ, ಅದನ್ನೇ ಮಾಡುತ್ತಿರಲು? ಮಾರನೆಯ ದಿನ ನೀರು ಕುಡಿಯದೆ ನೇರ ನುಗ್ಗಿದೆ. ಅಲ್ಲಿದ್ದಳು. "ಅಮ್ಮ ಬೆಳಿಗ್ಗೇನೇ ಫೋನ್ ಮಾಡಿದ್ರು. ಇವತ್ತು ಅಳಿಯಂದ್ರು ನೀರು ಕುಡಿಯಲ್ಲ, ಬೇಗ ಹೋಗಿ ಕೂತ್ಕೋ ಅಂತ" ಎಂದಳು. ಸೀರೆಯ ತುದಿ ಹಿಡಿದು ನಿಂತೆ. ನಾಳೆ ಕಂಬದ ಕಡೆಯೂ ಹೋಗದೆ, ಹಿತ್ತಿಲಿನಿಂದ ಸುತ್ತಿಕೊಂಡು ಬಂದರೆ ಹೇಗೆ ಎಂದು ಯೋಚಿಸುತ್ತಿರುವಾಗ ಅವಳ ಫೋನು ಹೊಡೆದುಕೊಂಡಿತು. ವಿಜಯಪುರದಿಂದ. ಪಂಕಜ ನನ್ನನ್ನೊಮ್ಮೆ ನೋಡಿ, "ಹೂಂ ಅಮ್ಮ, ಹಿತ್ಲು ಬಾಗ್ಲಿಗೆ ಆಗ್ಲೇ ಚಿಲಕ ಹಾಕಿದೀನಿ" ಎಂದಳು.