ಮೊಲಕ್ಕೆ ಆರತಿ ಎತ್ತಿದ್ದು

ಮನೆಗೆ ಬಂದವರನ್ನು ಸುಮ್ಮನೆ ಬಿಡುವುದು ನಮ್ಮ ವಂಶದಲ್ಲೇ ಇಲ್ಲ. ಧಾರವಾಡದಲ್ಲಿ ಕರೆಂಟ್ ಮೀಟರ್ ನೋಡಲು ಬಂದವನಿಗೂ ನಮ್ಮವ್ವ ಅವಲಕ್ಕಿ ಕೊಟ್ಟು, ಅವನು ತಿಂದು ಮುಗಿಸುವಷ್ಟರಲ್ಲಿ ಅವನ ಹೆಂಡತಿಯ ತವರೂರು ಯಾವುದೆಂದು ತಿಳಿದುಕೊಂಡುಬಿಡುತ್ತಿದ್ದಳು. ಆ ಗುಣ ನನಗೆ ಇಡಿಯಾಗಿ ಇಳಿದು ಬಂದಿದೆ. ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ಕಾರಿನ ಬ್ರೇಕುಗಳ ಜೊತೆ ಹನ್ನೊಂದು ವರ್ಷ ಏಗಿದರೂ ನನ್ನ ಬಾಯಿಗೆ ಮಾತ್ರ ಬ್ರೇಕು ಬಿದ್ದಿಲ್ಲ. ಇಲ್ಲಿಯ ಜನ ನನ್ನ ಉಪಚಾರವನ್ನು ಹೇಗೋ ಸಹಿಸಿಕೊಂಡಿದ್ದಾರೆ. ಸಹಿಸದೇ ಹೋದದ್ದು ಒಂದು ಮೊಲ.

ಮೊಲ ಬೇಕೆಂದು ಹಟ ಹಿಡಿದವಳು ಒಂಬತ್ತು ವರ್ಷದ ನನ್ನ ಮಗಳು ಶಾಲ್ಮಲಾ. ದಿಕ್ಕಿಲ್ಲದ ಪ್ರಾಣಿಗಳನ್ನು ಇಟ್ಟುಕೊಂಡು ಸಾಕುವ ಟಿಯರ್‌ಹೈಮಿಗೆ ಹೋದೆವು. ಹತ್ತಿಯುಂಡೆಯಂಥ ಮೊಲಗಳನ್ನೆಲ್ಲ ಬಿಟ್ಟು ಅವಳು ಕೈ ತೋರಿಸಿದ್ದು ಮೂಲೆಗೆ ಅಂಟಿಕೊಂಡು ಕೂತ ಒಂದು ಬಡಕಲು ಕಂದು ಮೊಲವನ್ನು. ಅದರ ಅಪ್ಪ ಹೊಲದ ಕಾಡುಮೊಲ, ಅವ್ವ ಯಾರದೋ ಮನೆಯ ಸಾಕುಮೊಲವಂತೆ. ಅಲ್ಲಿಯ ಮೇಲ್ವಿಚಾರಕಿ ಫ್ರೌ ಲೇಮನ್ ಒಂದು ಷರತ್ತು ಹಾಕಿದರು. ನಾಲ್ಕು ವಾರದೊಳಗೆ ಅದು ಮನುಷ್ಯರ ಎದುರು ಗೂಡಿನಿಂದ ಹೊರಬಂದು ತಿನ್ನಬೇಕು. ಇಲ್ಲದಿದ್ದರೆ ಅದಕ್ಕೆ ನಮ್ಮ ಮನೆ ಹಿಡಿಸಲಿಲ್ಲವೆಂದು ಅವರೇ ಬಂದು ವಾಪಸು ಒಯ್ಯುತ್ತಾರೆ. ಒಂಟಿ ಮೊಲವನ್ನು ಕೊಡುವ ಪದ್ಧತಿಯೂ ಇಲ್ಲ. ಹಾಗಾಗಿ ಜೊತೆಗೆ ದಪ್ಪನೆಯ ಒಂದು ಬಿಳಿ ಮುದುಕಿಯೂ ಬಂತು. ಅದು ಒಂದೇ ಗಂಟೆಯಲ್ಲಿ ತವರಿಗೆ ಬಂದವಳ ಹಾಗೆ ಕಾಲು ಚಾಚಿ ಮಲಗಿತು.

ಕಂದು ಮೊಲದ ವಿಷಯದಲ್ಲಿ ನಾವು ಹೊಸ್ತಿಲಲ್ಲೇ ಎಡವಿದ್ದೆವು. ಹೊಸಬರು ಮನೆಗೆ ಬಂದರೆ ಆರತಿ ಎತ್ತದೆ ಒಳಗೆ ಹೇಗೆ ಕರೆದುಕೊಳ್ಳುವುದು? ನನ್ನ ಹೆಂಡತಿ ವಿದ್ಯಾ ಕುಂಕುಮದ ನೀರಿನ ತಟ್ಟೆಯಲ್ಲಿ ದೀಪ ಹಚ್ಚಿ ಪೆಟ್ಟಿಗೆಯ ಮುಂದೆ ಮೂರು ಸುತ್ತು ಸುತ್ತಿದಳು. ನಾನು ಗಂಟೆ ಬಾರಿಸಿದೆ. ಪೆಟ್ಟಿಗೆಯ ಬಾಗಿಲು ತೆಗೆದದ್ದೇ ತಡ, ಮೊಲ ನನ್ನ ಕಾಲ ಸಂದಿಯಿಂದ ಚಂಗನೆ ಹಾರಿ ವಾಷಿಂಗ್ ಮಷೀನಿನ ಹಿಂದೆ ಸೇರಿಕೊಂಡಿತು. ಎರಡು ದಿನ ಬಟ್ಟೆ ಒಗೆಯಲಿಲ್ಲ. ಆಮೇಲೆ ಹೇಗೋ ಕೋಣೆಯ ಗೂಡಿಗೆ ಸೇರಿಸಿದೆವು. ಅಷ್ಟಕ್ಕೆ ಬಿಟ್ಟೆನೇ? ಹತ್ತು ನಿಮಿಷಕ್ಕೊಮ್ಮೆ ಕೊತ್ತಂಬರಿ ಹಿಡಿದು ಹೋಗಿ, "ತಿನ್ನಪಾ, ಸಂಕೋಚ ಮಾಡ್ಕೋಬ್ಯಾಡ" ಎಂದು ಬೇಡಿಕೊಂಡೆ. ಭಾನುವಾರ ಕನ್ನಡದ ಮೂರು ಸಂಸಾರಗಳು ಮಕ್ಕಳುಮರಿ ಸಮೇತ ಮೊಲ ನೋಡಲು ಬಂದವು. ನಾನೇ ಕರೆದಿದ್ದೆ. ಮೊಲ ಊಟ ಬಿಟ್ಟಿತು. ಶಾಲ್ಮಲಾ ನನ್ನ ಜೊತೆ ಮಾತು ಬಿಟ್ಟಳು.

ಗಾಬರಿಯಾಗಿ ಫ್ರೌ ಲೇಮನ್‌ಗೆ ಫೋನ್ ಮಾಡಿದೆ. ಆರತಿಯ ಭಾಗವನ್ನು ಅವರು ಎರಡೆರಡು ಸಲ ಹೇಳಿಸಿ ಕೇಳಿದರು. ಕೊನೆಗೆ ಅವರು ಹೇಳಿದ್ದು ಇಷ್ಟೇ: ದಿನಾ ಅರ್ಧ ಗಂಟೆ ನೆಲದ ಮೇಲೆ ಕೂತುಕೊಳ್ಳಿ, ಕರೆಯಬೇಡಿ, ಕೊಡಬೇಡಿ, ಅದರ ಕಡೆ ನೋಡಲೂಬೇಡಿ, ಮುಖ್ಯವಾಗಿ ಮಾತಾಡಬೇಡಿ.

ನನಗೆ ಇದಕ್ಕಿಂತ ಉಪವಾಸವೇ ವಾಸಿ ಅನ್ನಿಸಿತು. ಮೊದಲ ದಿನ ಕಾಲು ಜೋಮು ಹಿಡಿಯಿತು, ಎರಡನೆಯ ದಿನ ತೂಕಡಿಸಿ ಗೋಡೆಗೆ ತಲೆ ಬಡಿದುಕೊಂಡೆ. ವಿದ್ಯಾ ಬಾಗಿಲಲ್ಲಿ ನಿಂತು, ಮದುವೆಯಾದಾಗಿನಿಂದ ತನಗೋಸ್ಕರ ನಾನು ಒಂದು ದಿನವೂ ಹೀಗೆ ಬಾಯಿ ಮುಚ್ಚಿಕೊಂಡಿರಲಿಲ್ಲವಲ್ಲ ಎಂದು ಪಿಸುಗುಟ್ಟಿ ಹೋದಳು. ಉತ್ತರ ಕೊಡುವ ಹಾಗಿಲ್ಲ, ನುಂಗಿಕೊಂಡೆ.

ಎರಡನೆಯ ವಾರ ಶಾಲ್ಮಲಾ ಬಂದು ಪಕ್ಕದಲ್ಲಿ ಕೂತಳು. ಶಾಲೆ ಹೇಗಿತ್ತು ಎಂದು ನಾನು ದಿನಾ ಕೇಳುತ್ತಿದ್ದವನು, ಅವಳು "ಗುಟ್" ಎಂದು ಜರ್ಮನ್‌ನಲ್ಲಿ ಚೆನ್ನಾಗಿತ್ತೆಂಬ ಒಂದೇ ಪದ ಉಗುಳಿ ಬಾಗಿಲು ಹಾಕಿಕೊಳ್ಳುತ್ತಿದ್ದವಳು. ಈಗ ನಾನು ಕೇಳುವಂತಿರಲಿಲ್ಲ. ಅವಳೇ ಮೆಲ್ಲಗೆ ಶುರುಮಾಡಿದಳು, ಅದೂ ಕನ್ನಡದಲ್ಲಿ. ಗೆಳತಿ ಲೇನಾ ಬೇರೆ ಬೆಂಚಿಗೆ ಹೋಗಿ ಕೂತದ್ದು, ಬಿಡುವಿನಲ್ಲಿ ಇವಳು ಒಬ್ಬಳೇ ನಿಂತದ್ದು. ನನ್ನ ನಾಲಿಗೆಯ ತುದಿಗೆ ನಾಲ್ಕು ಉಪದೇಶ, ಲೇನಾಳ ಅಪ್ಪನಿಗೊಂದು ಫೋನು, ಎಲ್ಲವೂ ಬಂದು ನಿಂತವು. ಆದರೆ ಗೂಡಿನ ಬಾಗಿಲಲ್ಲಿ ಎರಡು ಕಿವಿ ಕಾಣುತ್ತಿದ್ದವು. ಸುಮ್ಮನೆ ಅವಳ ತಲೆ ಸವರಿದೆ. ಮರುದಿನ ಅವಳು ಇನ್ನಷ್ಟು ಹೇಳಿದಳು.

ನಾಲ್ಕನೆಯ ವಾರ ಫ್ರೌ ಲೇಮನ್ ಬಂದು ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತರು. ಶಾಲ್ಮಲಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮೊಲ ಹೊರಬಂತು, ನನ್ನ ಮೊಣಕಾಲ ಹತ್ತಿರ ಕೂತು ಒಂದು ಹಿಡಿ ಸೊಪ್ಪನ್ನು ಪೂರ್ತಿ ತಿಂದು ಮುಗಿಸಿತು. ಅವರು ಕಾಗದಕ್ಕೆ ಸಹಿ ಹಾಕಿ ಹೋದರು. ಅಬ್ಬಾ, ಬದುಕಿದೆ ಎಂದು ನಾನು ಸೊಂಟ ಹಿಡಿದುಕೊಂಡು ಎದ್ದೆ. ಶಾಲ್ಮಲಾ ಅಂಗಿ ಹಿಡಿದು ಜಗ್ಗಿದಳು.

"ಅಪ್ಪಾ, ಮೊಲ ಒಗ್ಗೇತಿ. ಆದ್ರ ನೀ ಇನ್ನೂ ಸ್ವಲ್ಪ ದಿನ ಹಿಂಗ ಕೂಡು."

ಮತ್ತೆ ಕೂತೆ. ಈಗ ಏಳು ತಿಂಗಳಾಯಿತು, ದಿನಾ ಸಂಜೆ ಕೂರುತ್ತಿದ್ದೇನೆ. ಮೊಲದ ಪರೀಕ್ಷೆ ನಾಲ್ಕೇ ವಾರಕ್ಕೆ ಮುಗಿಯಿತು. ನನ್ನದು ಇನ್ನೂ ನಡೆದಿದೆ.