ನಮ್ಮ ಮನೆಯ ನಲವತ್ತು ಡಿಗ್ರಿ

ಚುನ್‌ಚನ್ ನಗರದಲ್ಲಿ ಆ ಜನವರಿ ಬೆಳಿಗ್ಗೆ ಉಷ್ಣತೆ ಸೊನ್ನೆಗಿಂತ ಹದಿಮೂರು ಡಿಗ್ರಿ ಕೆಳಗಿತ್ತು. ಮಾನ್‌ಸಿಕ್‌ನ ಮನೆಯ ಗೋಡೆಯಲ್ಲಿದ್ದ ಥರ್ಮೋಸ್ಟಾಟ್ ಕಣ್ಣು ಮುಚ್ಚಲು ಅದೇ ದಿನವನ್ನು ಆರಿಸಿಕೊಂಡಿತು. ಬಾಯ್ಲರ್ ನಿಂತಿತು, ಮನೆಯನ್ನು ಬೆಚ್ಚಗಿಡುವ ನೆಲದಡಿಯ ಕೊಳವೆಗಳಲ್ಲಿದ್ದ ಬಿಸಿನೀರು ತಣ್ಣಗಾಯಿತು.

ಕೆಲಸಕ್ಕೆ ಹೊರಟಿದ್ದ ಹೆಂಡತಿ ಯುನ್‌ಸಿಲ್ ಬಾಗಿಲಲ್ಲೇ ತೀರ್ಪು ಕೊಟ್ಟಳು: “ಮಧ್ಯಾಹ್ನ ನಮ್ಮಮ್ಮ ಬರ್ತಾರೆ. ಹೋದ ಸಲ ಇದೇ ನೆಲದ ಮೇಲೆ ಮಲಗಿ ಸೊಂಟ ಹಿಡ್ಕೊಂಡಿದ್ದು ನೆನಪಿದೆ ತಾನೆ? ಈ ಸಲವೂ ತಣ್ಣಗಿದ್ರೆ ಅವರ ಜೊತೆ ನಾನೂ ಹೊರಟೆ. ಚಳಿಗಾಲ ಮುಗಿದ್ಮೇಲೆ ನೋಡೋಣ.”

ಬಾಯ್ಲರನ್ನು ಮೊಬೈಲಿನಿಂದಲೂ ನಡೆಸಬಹುದೆಂಬುದು ಮಾನ್‌ಸಿಕ್‌ಗೆ ಆಗ ಹೊಳೆಯಿತು. ‘ನಮ್ಮ ಮನೆ: ಇಪ್ಪತ್ತೆರಡು’ ಎಂದಿತು ಪರದೆ. ಅವನು ಮೂವತ್ತಕ್ಕೆ ಏರಿಸಿದ. ಐದೇ ನಿಮಿಷದಲ್ಲಿ ಅಂಕಿ ತಾನಾಗಿ ಹದಿನೆಂಟಕ್ಕೆ ಇಳಿಯಿತು. ಮತ್ತೆ ಏರಿಸಿದ, ಮತ್ತೆ ಇಳಿಯಿತು. ಏಳನೆಯ ಸಲ ಅವನು ಮೊಬೈಲಿಗೆ ಬೈದ ಬೈಗುಳ ಕೇಳಿ ಮೇಲ್ಮನೆಯ ಪ್ಯೊ ಸ್ಪ್ಯಾನರ್ ಹಿಡಿದು ಇಳಿದು ಬಂದ. ಕೆಳಮನೆಯ ಹುಡುಗಿ ಸೊರಾಳ ಅಮ್ಮ ಹತ್ತಿ ಬಂದಳು.

“ಮೂವತ್ತು ವರ್ಷ ಹಡಗಿನ ಎಂಜಿನ್ ನೋಡ್ಕೊಂಡೋನು ನಾನು. ಕೊಳವೇಲಿ ಗಾಳಿ ಸೇರ್ಕೊಂಡಿದೆ ತಮ್ಮಾ,” ಎಂದ ಪ್ಯೊ ಸಿಂಕಿನಡಿಯ ವಾಲ್ವ್ ತಿರುಗಿಸಿದ. ತುಕ್ಕುನೀರು ಚಿಮ್ಮಿ ಮಾನ್‌ಸಿಕ್‌ನ ಎರಡೂ ಕಾಲುಚೀಲಗಳನ್ನು ತೋಯಿಸಿತು.

“ನಿಮ್ಮ ಹಡಗು ತೇಲ್ತಿತ್ತೋ, ಮುಳುಗೇ ಹೋಯ್ತೋ?” ಎಂದಳು ಸೊರಾಳ ಅಮ್ಮ. “ಅದು ಮೊಂಡು ಬಿದ್ದಿದೆ, ಅಷ್ಟೆ. ಮೊಬೈಲಲ್ಲಿ ಬೀಗದ ಗುರುತು ಇರುತ್ತಲ್ಲ, ಅದನ್ನ ಒತ್ತಿ. ಆಮೇಲೆ ಅದರಪ್ಪ ಬಂದ್ರೂ ಇಳಿಸೋಕಾಗಲ್ಲ!”

ಮಾನ್‌ಸಿಕ್ ನಲವತ್ತಕ್ಕೆ ಏರಿಸಿ ಬೀಗ ಒತ್ತಿದ. ಅಂಕಿ ಅಲುಗಾಡಲಿಲ್ಲ. ಕೋಣೆಯ ಉಷ್ಣತೆ ಇಪ್ಪತ್ತೇಳು, ಇಪ್ಪತ್ತೊಂಬತ್ತು, ಮೂವತ್ತೊಂದು ಎಂದು ಪರದೆ ಲೆಕ್ಕ ಒಪ್ಪಿಸಿತು. ಆ ಮೂವತ್ತೊಂದು ಡಿಗ್ರಿಯಲ್ಲಿ ಮೂವರೂ ಕೋಟು ತೊಟ್ಟು ನಡುಗುತ್ತ ನಿಂತರು.

“ನೆಲ ದಪ್ಪ. ಹೊತ್ತು ಹಿಡಿಯುತ್ತೆ,” ಎಂದ ಪ್ಯೊ.

ಹನ್ನೊಂದೂವರೆಗೇ ಕರೆಗಂಟೆ ಮೊಳಗಿತು. ಬಾಗಿಲಲ್ಲಿ ಅತ್ತೆ! ಕೋಟು ತೋಳಿನ ಮೇಲೆ, ಮುಖ ಅರೆದ ಮೆಣಸಿನಕಾಯಿಯಂತೆ ಕೆಂಪು.

“ನೀರು ಕೊಡಿ ಮೊದ್ಲು! ನೀವು ಹಾಕಿಸಿಕೊಟ್ಟ ಬಾಯ್ಲರಿಗೆ ಹುಚ್ಚು ಹಿಡಿದಿದೆ ಅಳಿಯಂದ್ರೇ! ನಾನು ಇಳಿಸಿದ್ರೆ ಅದು ಏರುತ್ತೆ. ಮತ್ತೆ ಇಳಿಸಿದ್ರೆ ಮತ್ತೆ ಏರುತ್ತೆ. ಕೊನೆಗೆ ಬೀಗ ಬೇರೆ ಹಾಕ್ಕೊಂಡು ಕೂತ್ಬಿಡ್ತು! ನೆಲ ಕಾದ ಕಾವಲಿ ಆಗಿದೆ. ಪ್ಲಗ್ ಕಿತ್ತು ಓಡಿ ಬಂದೆ.”

ಮಾನ್‌ಸಿಕ್ ಮೊಬೈಲನ್ನು ಮೆಲ್ಲಗೆ ಜೇಬಿಗೆ ತಳ್ಳಿದ. ಶರತ್ಕಾಲದ ಸುಗ್ಗಿ ಹಬ್ಬದಲ್ಲಿ ಅತ್ತೆಯ ಹೊಸ ಬಾಯ್ಲರನ್ನು ತನ್ನ ಮೊಬೈಲಿಗೆ ಜೋಡಿಸುವಾಗ ಏನೆಂದು ಹೆಸರಿಡಲಿ ಎಂದು ಅವನೇ ಕೇಳಿದ್ದ. ‘ನಮ್ಮ ಮನೆ ಅಂತ ಬರೀರಿ, ಇನ್ನೇನು’ ಎಂದಿದ್ದಳು ಅತ್ತೆ. ಅವನ ಸ್ವಂತ ಮನೆಯ ಬಾಯ್ಲರ್ ಜೋಡಿಸಿದ್ದು ಯುನ್‌ಸಿಲ್‌ಳ ಮೊಬೈಲಿಗೆ ಮಾತ್ರ.

“ಅಯ್ಯೋ, ಇವರದ್ದೂ ಹಾಗೇ…” ಎಂದು ಬಾಯಿ ತೆರೆದ ಸೊರಾಳ ಅಮ್ಮನ ಕಾಲನ್ನು ಪ್ಯೊ ಸಕಾಲದಲ್ಲಿ ತುಳಿದ.

ಅಷ್ಟರಲ್ಲಿ ಅತ್ತೆ ಮಂಜಿನಂಥ ನೆಲದ ಮೇಲೆ ಕೈಕಾಲು ಚಾಚಿ ಮಲಗಿಯಾಗಿತ್ತು. “ಆಹಾ, ಏನು ತಂಪು! ಹತ್ತು ವರ್ಷಕ್ಕೆ ಒಂದು ಕೆಲಸ ನೆಟ್ಟಗೆ ಮಾಡಿದ್ದೀರಿ. ಆ ಹುಚ್ಚು ಬಾಯ್ಲರ್ ಜೊತೆ ನಾನಿರಲ್ಲಪ್ಪ. ಚಳಿಗಾಲ ಮುಗಿಯೋವರೆಗೂ ಇಲ್ಲೇ ಇರ್ತೀನಿ. ಈ ನೆಲ ಮಾತ್ರ ಹೀಗೇ ಇರ್ಬೇಕು, ಆಯ್ತಾ?”

ಒದ್ದೆ ಕಾಲುಚೀಲದಲ್ಲಿ ನಿಂತಿದ್ದ ಮಾನ್‌ಸಿಕ್ “ಆಯ್ತು” ಎನ್ನಲು ಹೊರಟ. ಹಲ್ಲುಗಳು ಕಟಕಟಿಸಿ ಆ ಒಂದು ಮಾತು ಐದು ಸಲ ಹೊರಬಿತ್ತು.

“ನೋಡಿ, ನೋಡಿ,” ಎಂದಳು ಅತ್ತೆ ಕಣ್ಣು ಮುಚ್ಚಿಕೊಂಡು, “ಎಷ್ಟು ಖುಷಿ ಇವರಿಗೆ!”